ಅರಿಶಿನ ಬಟ್ಟಲಿನ ರಿಂಗು

"ರುತೂ, ನನ್ನ ಮಸಾಲಿ ಡಬ್ಬಿ ಎಲ್ಲಿ?"

ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ರುತುಜಾ ತಲೆ ಎತ್ತಲಿಲ್ಲ. ಅವಳ ಮುಂದೆ ಸ್ಟೀಲಿನ ದುಂಡು ಡಬ್ಬಿ ಬಾಯಿ ತೆರೆದುಕೊಂಡಿತ್ತು. ಅದರ ಏಳು ಬಟ್ಟಲುಗಳಲ್ಲಿ ಸಾಸಿವೆಯೂ ಇರಲಿಲ್ಲ, ಜೀರಿಗೆಯೂ ಇರಲಿಲ್ಲ. ಇದ್ದದ್ದು ಬೋಲ್ಟು, ನಟ್ಟು, ವಾಷರು.

"ಇಲ್ಲೈತಿ ಅವ್ವಾ. ಸಾಸಿವಿ, ಜೀರಿಗಿ ಎಲ್ಲಾ ವಾಟಗಾದಾಗ ಹಾಕಿಟ್ಟೇನಿ. ಒಂದ ಕಾಳೂ ಚೆಲ್ಲಿಲ್ಲ."

"ಹಂಗಾರ ನಾ ಒಗ್ಗರಣಿಗೆ ಬೋಲ್ಟ್ ಹಾಕ್ಲೇನು?"

ಕಾರಿನ ಕೆಳಗಿನಿಂದ ಅಪ್ಪನ ದನಿ ಬಂತು. "ಎರಡ ದಿವಸ ಬಿಡು ವೃಷಾಲಿ. ಆಕಿ ನನ್ನ ಸ್ಟೋರ್ ಕೀಪರ್ ಅದಾಳ."

ಅವ್ವ ಏನೋ ಗೊಣಗುತ್ತ ಒಳಗೆ ಹೋದಳು. ರುತುಜಾಳ ಬೆನ್ನು ತಾನಾಗಿ ನೆಟ್ಟಗಾಯಿತು.

ಅಂದು ಶುಕ್ರವಾರ. ಇಚಲಕರಂಜಿಯಲ್ಲಿ ಮಗ್ಗಗಳಿಗೆ ರಜೆ. ವಾರವೆಲ್ಲ ಖಟಾಖಟ್ ಖಟಾಖಟ್ ಎನ್ನುವ ಓಣಿ ಅಂದು ಎಷ್ಟು ಸುಮ್ಮನಿತ್ತೆಂದರೆ, ಅಪ್ಪನ ಕೈಯಿಂದ ನಟ್ಟು ಬಿಗಿಯುವ ಪಾನಾ ಬಿದ್ದರೂ ನಾಲ್ಕು ಮನೆಗೆ ಕೇಳಿಸುತ್ತಿತ್ತು. ಅಪ್ಪ ಸಿದ್ರಾಮ ಮಗ್ಗದ ಫಿಟರ್. ಅರವತ್ತು ಮಗ್ಗಗಳಲ್ಲಿ ಯಾವುದು ಕುಂಟಿದರೂ ಅವನನ್ನೇ ಕರೆಯುತ್ತಿದ್ದರು. ಆದರೆ ಕಾರಿನ ಎ.ಸಿ.ಗೆ ಅವನು ಕೈ ಹಾಕಿದ್ದು ಇದೇ ಮೊದಲು.

ಕಾರು ರುತುಜಾಗಿಂತ ನಾಲ್ಕು ವರ್ಷ ದೊಡ್ಡದು. ಅದರ ಎ.ಸಿ. ಕೆಟ್ಟು ಎರಡು ಬೇಸಿಗೆ ಕಳೆದಿದ್ದವು. ಕಲ್ಲು ಸಿಡಿದು ಮುಂದಿನ ಜಾಳಿಗೆ ತೂತು ಬಿದ್ದು, ಗ್ಯಾಸೆಲ್ಲ ಹೋಗಿ, ಕೊನೆಗೆ ಕಂಪ್ರೆಸರೂ ಜಾಮ್ ಆಗಿತ್ತು. ಈಗ ಬಂಪರು ಬಿಚ್ಚಿ ತುಳಸಿಕಟ್ಟೆಗೆ ಒರಗಿಸಿದ್ದರಿಂದ ಕಾರು ಹಲ್ಲುಸೆಟ್ಟು ತೆಗೆದಿಟ್ಟ ಮುದುಕನ ಹಾಗೆ ಕಾಣುತ್ತಿತ್ತು.

ಇಷ್ಟೆಲ್ಲ ಅಜ್ಜಿಗಾಗಿ.

ಅಜ್ಜಿ ಬಾಳವ್ವ ನಲವತ್ತು ವರ್ಷ ಮಗ್ಗಗಳಿಗೆ ನೂಲಿನ ಕಾಂಡಿ ಸುತ್ತಿದವಳು. ಆ ಹತ್ತಿಯ ಧೂಳು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಡಾಕ್ಟರು ಧೂಳಿಗೆ ಹೋಗಲೇಬೇಡಿ ಎಂದಿದ್ದರು. ಹೋದ ವರ್ಷ ಹಾತಕಣಂಗಲೆಗೆ ಹೊರಟಾಗ ಸೆಕೆ ತಾಳದೆ ಕಿಟಕಿ ತೆರೆದಿದ್ದರು. ಅರ್ಧ ದಾರಿಯಲ್ಲೇ ಅಜ್ಜಿಗೆ ಕೆಮ್ಮು ಹತ್ತಿ, ನೀರು ಕುಡಿಸಿ, ಬೆನ್ನು ತಿಕ್ಕಿ, ವಾಪಸು ಕರೆತಂದಿದ್ದರು. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಮೇ ತಿಂಗಳ ಬೇಗೆ. ಆಮೇಲೆ ಅಜ್ಜಿ ಓಣಿ ದಾಟಿರಲಿಲ್ಲ.

ಈಗ ಗಡಹಿಂಗ್ಲಜದಿಂದ ಅಜ್ಜಿಯ ತಂಗಿ ಮಲಕವ್ವನ ಫೋನು ಬಂದಿತ್ತು. ಮರಿಮೊಮ್ಮಗಳಿಗೆ ಈ ಭಾನುವಾರ ಹೆಸರಿಡುವವರಿದ್ದರು. ಆ ಮನೆಯಲ್ಲಿ ಯಾವ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಮೊದಲ ಹಾಡು ಬಾಳಕ್ಕನದೇ. "ನೀ ಬಂದ ಹಾಡಬೇಕು ನೋಡಕ್ಕಾ. ನೀ ಬರೂ ತನಕ ತೊಟ್ಟಿಲ ತೂಗೂದಿಲ್ಲ," ಎಂದಿದ್ದಳು ಮಲಕವ್ವ.

ಕೊಲ್ಲಾಪುರದ ಗ್ಯಾರೇಜಿನವರು ಹತ್ತು ದಿನ ಕಾಯಬೇಕು ಎಂದರು. ಅಪ್ಪ ಹೊಸ ಸಾಮಾನೆಲ್ಲ ಒಂದು ದೊಡ್ಡ ರಟ್ಟಿನ ಖೋಕಿಯಲ್ಲಿ ಕಟ್ಟಿಸಿಕೊಂಡು ಬಂದ. ವಾರವಿಡೀ ಮೊಬೈಲಿನಲ್ಲಿ ವಿಡಿಯೋ ನೋಡಿ, ರುತುಜಾಳ ಹಳೆಯ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡ.

"ಇಲ್ಲಿ ನೋಡು," ಎಂದು ಅವನು ಕಾರಿನ ಕೆಳಗಿನಿಂದ ಹೊರಗೆ ಬಂದು ಕೂತ. "ಗ್ಯಾಸ್ ಈ ಪೈಪಿನಾಗ ಸುತ್ತ ತಿರಗತೈತಿ. ಪೈಪ್ ಕೂಡೂ ಜಾಗಾ ಎಂಟು. ಒಂದೊಂದಕ್ಕೂ ಒಂದ ರಬ್ಬರ್ ರಿಂಗು. ಆ ರಿಂಗ್ ಇಲ್ಲಂದ್ರ ಎಲ್ಲಾ ಸೋರಿ ಹೋಗತೈತಿ."

ಒಂದು ಸಣ್ಣ ಪಾಕೀಟು ಹರಿದು ಅವಳ ಅಂಗೈಗೆ ಸುರಿದ. ಎಂಟು ಹಸಿರು ರಿಂಗುಗಳು, ಗೊಂಬೆಯ ಬಳೆಗಳ ಹಾಗೆ. ರುತುಜಾ ಅವನ್ನು ಏಳನೆಯ ಬಟ್ಟಲಿಗೆ ಹಾಕಿದಳು. ಅದು ಅರಿಶಿನದ ಬಟ್ಟಲು. ಎಷ್ಟು ತೊಳೆದರೂ ಹಳದಿ ಹೋಗಿರಲಿಲ್ಲ.

"ಮತ್ತ ಈ ಹಳೇವು?" ಎಂದು ಅವಳು ಬಿಚ್ಚಿ ತೆಗೆದ ರಿಂಗುಗಳನ್ನು ತೋರಿಸಿದಳು.

"ಅವನ್ನ ಆ ಡಬರ್ಯಾಗ ಒಗಿ. ಒಮ್ಮೆ ಚಪ್ಪಟ ಆದ ರಿಂಗು ಮತ್ತ ಉಬ್ಬೂದಿಲ್ಲ. ತಿರುಗಿ ಹಾಕಬಾರದು."

ಮಧ್ಯಾಹ್ನದ ತನಕ ಕೆಲಸ ಸರಾಗವಾಗಿ ಸಾಗಿತು. ಅಪ್ಪ ಬಾನೆಟ್ಟಿನೊಳಗೆ ತಲೆ ಹಾಕಿ ಕೈ ಚಾಚುತ್ತಿದ್ದ. "ಹತ್ತು ನಂಬರ್ ಪಾನಾ." ರುತುಜಾ ಕೊಡುತ್ತಿದ್ದಳು. "ಉದ್ದನ ಬೋಲ್ಟ್." ಕೊಡುತ್ತಿದ್ದಳು. "ರಿಂಗು." ಅವಳು ಒಂದು ರಿಂಗನ್ನು ಎಣ್ಣೆಯಲ್ಲಿ ಅದ್ದಿ ಕೊಡುತ್ತಿದ್ದಳು.

ಅಂಗಳದ ಬೇವಿನ ನೆರಳಲ್ಲಿ ಹಗ್ಗದ ಬಾಜಿನ ಮೇಲೆ ಕೂತಿದ್ದ ಅಜ್ಜಿಗೆ ಅಪ್ಪ ಹೇಳಿದ: "ಎವ್ವಾ, ನಿನ್ನ ಮೊಮ್ಮಗಳು ಕಾರ್ಖಾನಿ ನಡಸ್ತಾಳ ನೋಡು. ಮುಂಜಾನಿಂದ ಒಂದ ವಾಷರೂ ಕಳದಿಲ್ಲ."

"ಯಾರ ಮೊಮ್ಮಗಳು ಮತ್ತ?" ಎಂದು ಅಜ್ಜಿ ಬೀಗಿದಳು.

ಊಟಕ್ಕೆ ಅಪ್ಪ ಒಳಗೆ ಹೋದಾಗ ಬಟ್ಟಲಿನಲ್ಲಿ ಒಂದೇ ಒಂದು ರಿಂಗು ಉಳಿದಿತ್ತು. ರುತುಜಾ ಅದನ್ನು ಕಿರುಬೆರಳಿಗೆ ಹಾಕಿಕೊಂಡು ನೋಡಿದಳು. ಚೆಂದ ಕಂಡಿತು. ಉಂಗುರದ ಬೆರಳಿಗೆ ಹಾಕಿದಳು. ಬಿಗಿಯಾಯಿತು. ಎಳೆದಳು, ಬರಲಿಲ್ಲ. ಉಗುರಿನಿಂದ ಮೀಟಿದಳು. ರಿಂಗು ಟಪ್ಪನೆ ಚಿಮ್ಮಿ, ಅಂಗಳದ ಕಲ್ಲಿನ ಮೇಲೆ ಒಮ್ಮೆ ಪುಟಿದು, ಸೀದಾ ಗಟಾರಕ್ಕೆ ಬಿತ್ತು.

ಅವಳು ಕೋಲು ತಂದು ಕಪ್ಪು ನೀರನ್ನು ಕೆದಕಿದಳು. ಒಂದು ಪೆನ್ನಿನ ಟೋಪಿ ಸಿಕ್ಕಿತು. ಚಾಕಲೇಟಿನ ಕಾಗದ ಸಿಕ್ಕಿತು. ರಿಂಗು ಸಿಗಲಿಲ್ಲ.

ಒಳಗಿನಿಂದ ಅಪ್ಪ ತೇಗುವ ಸದ್ದು ಕೇಳಿಸಿತು. ಹೇಳಬೇಕು ಎಂದುಕೊಂಡಳು. ಆದರೆ 'ಒಂದ ವಾಷರೂ ಕಳದಿಲ್ಲ' ಎಂಬ ಮಾತು ಇನ್ನೂ ಅಂಗಳದಲ್ಲೇ ನಿಂತ ಹಾಗಿತ್ತು. ಅಜ್ಜಿಯೂ ಅಲ್ಲೇ ತೂಕಡಿಸುತ್ತ ಕೂತಿದ್ದಳು.

ಅವಳು ಡಬರಿಯಲ್ಲಿ ಕೈಯಾಡಿಸಿ, ಹಳೆಯ ರಿಂಗುಗಳಲ್ಲಿ ಕಡಿಮೆ ಚಪ್ಪಟೆಯಾದ ಒಂದನ್ನು ಆರಿಸಿದಳು. ಫ್ರಾಕಿನ ಚುಂಗಿನಿಂದ ಒರೆಸಿದಳು. ಎಣ್ಣೆಯಲ್ಲಿ ಅದ್ದಿದಳು. ಎಣ್ಣೆ ಹತ್ತಿದ ಮೇಲೆ ಹಳೆಯದೂ ಹೊಸದರ ಹಾಗೇ ಹೊಳೆಯಿತು.

ಅಪ್ಪ ಬಂದು, ಹೆಡ್‌ಲೈಟಿನ ಹಿಂದೆ ನೀರಿನ ಬಾಟಲಿಯಂಥ ಒಂದು ಡಬ್ಬಿಯನ್ನು ಕೂರಿಸಿದ. ಕೊನೆಯ ಜೋಡಣೆ ಅದು. ನೋಡದೆ ಕೈ ಚಾಚಿದ. "ರಿಂಗು."

ರುತುಜಾ ಕೊಟ್ಟಳು.

ಅಂದು ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಒಂದು ರೊಟ್ಟಿ ಮುಗಿಸುವುದೇ ಕಷ್ಟವಾಯಿತು. ಅಪ್ಪನೂ ಒಂದೇ ರೊಟ್ಟಿಗೆ ಕೈ ತೊಳೆದ.

"ಇಬ್ರಿಗೂ ಏನಾಗೇತಿ?" ಎಂದಳು ಅಜ್ಜಿ. "ಕಾರಿನ ಎಣ್ಣಿ ಕುಡದೀರೇನು?"

ಅಪ್ಪ ದಣಿದಿದ್ದಾನೆ ಎಂದುಕೊಂಡಳು ರುತುಜಾ.

ಮರುದಿನ ಶನಿವಾರ ಅಪ್ಪ ಕೆಲಸಕ್ಕೆ ರಜೆ ಹಾಕಿದ. ಮಧ್ಯಾಹ್ನ ಬಾಹುಬಲಿ ಕಾಕಾ ಬಂದ. ಅವನು ಅಪ್ಪನ ಗೆಳೆಯ, ಫ್ರಿಜ್ ರಿಪೇರಿ ಮಾಡುವವನು. ಸ್ಕೂಟರಿನ ಮುಂದೆ ಗಾಳಿ ಹೀರುವ ಪಂಪು, ಹಿಂದೆ ಗ್ಯಾಸಿನ ಸಿಲಿಂಡರು, ಕೊರಳಲ್ಲಿ ಎರಡು ಗಡಿಯಾರದಂಥ ಮೀಟರುಗಳು. ಅವನು ಮಾತಾಡಿದರೆ ಅರ್ಧ ಕನ್ನಡ, ಅರ್ಧ ಮರಾಠಿ.

"ಚಲಾ, ಪೇಶಂಟ್ ಕುಠೇ ಆಹೇ, ಎಲ್ಲೈತಿ?" ಎಂದು ಕಾರಿನ ಸುತ್ತ ತಿರುಗಿದ. "ಭಾರೀ ಮಾಡೀರಲ್ಲೋ. ಯಾರ ಕಲಿಸಿದ್ರು?"

"ಮೊಬೈಲು," ಎಂದ ಅಪ್ಪ.

ಬಾಹುಬಲಿ ಕಾಕಾ ಪಂಪಿನ ನಳಿಗೆ ಜೋಡಿಸಿ ರುತುಜಾಗೆ ಮೀಟರು ತೋರಿಸಿದ. "ಇದು ಒಳಗಿನ ಗಾಳಿ ಪೂರಾ ಹೀರತೈತಿ. ಮುಳ್ಳು ಸೊನ್ನಿಕ್ಕಿಂತ ಕೆಳಗ ಇಳೀತೈತಿ. ಆಮ್ಯಾಲ ಪಂಪ್ ಬಂದ್ ಮಾಡೂದು. ಮುಳ್ಳು ಅಲ್ಲೇ ನಿಂತ್ರ ನಾವು ಪಾಸ್. ತಿರುಗಿ ಮ್ಯಾಲ ಬಂತಂದ್ರ ಎಲ್ಲೋ ಹೊರಗಿನ ಗಾಳಿ ಒಳಗ ಹೊಂಟೈತಿ. ನಾಪಾಸ್."

ಪಂಪು ಡಗ್ ಡಗ್ ಎಂದಿತು. ಮುಳ್ಳು ಇಳಿಯಿತು. ಬಾಹುಬಲಿ ಕಾಕಾ ಬಟನ್ ಒತ್ತಿದ. ಪಂಪು ನಿಂತು, ಓಣಿಯ ಮಗ್ಗಗಳ ಖಟಾಖಟ್ ಮತ್ತೆ ಕೇಳಿಸಿತು. ಬಾಜಿನ ಮೇಲಿದ್ದ ಅಜ್ಜಿಯೂ ಸೇರಿ ನಾಲ್ವರ ಕಣ್ಣೂ ಮೀಟರಿನ ಮೇಲೆ.

ಮುಳ್ಳು ಸ್ವಲ್ಪ ಹೊತ್ತು ನಿಂತು, ಆಮೇಲೆ ಮೆಲ್ಲಗೆ, ಬೆಕ್ಕು ಗೋಡೆ ಹತ್ತಿದ ಹಾಗೆ, ಮೇಲೇರಿತು.

ಅಪ್ಪ ಕೈಗೆಟುಕುವ ಜೋಡಣೆಗಳನ್ನೆಲ್ಲ ಮತ್ತೊಮ್ಮೆ ಬಿಗಿದ. ಮತ್ತೆ ಪಂಪು. ಮತ್ತೆ ಡಗ್ ಡಗ್. ಮತ್ತೆ ಮುಳ್ಳು ಮೇಲೆ ಬಂತು.

ಗಂಟೆ ನಾಲ್ಕಾಯಿತು. ಅಪ್ಪ ಅರಿವೆಯಿಂದ ಕೈ ಒರೆಸಿಕೊಂಡ. ಎಷ್ಟೋ ಹೊತ್ತು ಒರೆಸುತ್ತಲೇ ಇದ್ದ.

"ಎವ್ವಾ, ಮಲಕವ್ವ ಚಿಗವ್ವಗ ಫೋನ್ ಮಾಡ್ಲೇನು? ನಾಳಿಗೆ ಆಗೂದಿಲ್ಲಂತ ಕಾಣತೈತಿ."

"ಹೋಗ್ಲಿ ಬಿಡು," ಎಂದಳು ಅಜ್ಜಿ ನಗುತ್ತ. "ಫೋನಿನಾಗ ಹಾಡ್ತೀನಿ. ಕೂಸಿಗೇನ ಗೊತ್ತಾಗತೈತಿ, ಅಜ್ಜಿ ತೊಟ್ಟಲದ ಬಾಜೂಕ ಅದಾಳೋ ಇಚಲಕರಂಜ್ಯಾಗ ಅದಾಳೋ."

ಆದರೆ ಅವಳು ಎದ್ದು ಒಳಗೆ ಹೋದಳು. ನಾಳೆ ಉಡಲೆಂದು ಬಾಗಿಲ ಹಿಂದೆ ಹರವಿಟ್ಟಿದ್ದ ಇಳಕಲ್ ಸೀರೆಯನ್ನು ತೆಗೆದಳು. ಮಡಿಕೆ ಮಡಿಕೆಯಾಗಿ ಮಡಚಿ ಟ್ರಂಕಿನೊಳಗೆ ಇಟ್ಟಳು. ಟ್ರಂಕಿನ ಮುಚ್ಚಳ ಸದ್ದಾಗದಂತೆ ಮುಚ್ಚಿದಳು.

ರುತುಜಾ ಅದನ್ನೆಲ್ಲ ನೋಡಿದಳು.

"ಅಪ್ಪಾ," ಎಂದಳು. ಹತ್ತಿರ ಬಂದು ನಿಂತಳು. ಮತ್ತೊಮ್ಮೆ ಎಂದಳು. "ಅಪ್ಪಾ, ಆ ಬಾಟಲಿ ಹತ್ತೇಕ ಇರೂ ರಿಂಗು ಹಳೇದ."

ಅಪ್ಪ ತಿರುಗಿದ. "ಹೊಸಾದು?"

"ಗಟಾರದಾಗ. ಬೆರಳಿಗೆ ಹಾಕ್ಕೊಂಡಿದ್ದೆ."

"ಯಾವಾಗ?"

"ನಿನ್ನೆ. ನೀ ಉಣ್ಣಾಕ ಹೋದಾಗ."

ಅವಳು ಕಾಲ್ಬೆರಳುಗಳನ್ನು ನೋಡುತ್ತ ನಿಂತಳು. ಅಪ್ಪ ಬಯ್ಯುತ್ತಾನೆ ಎಂದು ಕಾದಳು. ಅಪ್ಪ ಅರಿವೆ ಕೆಳಗಿಟ್ಟ. ಅವಳನ್ನೇ ನೋಡುತ್ತಿದ್ದ, ಏನೋ ಬೇರೆ ಯೋಚನೆ ಬಂದವನ ಹಾಗೆ.

ಮಾತಾಡಿದ್ದು ಬಾಹುಬಲಿ ಕಾಕಾ. ಅವನು ತನ್ನ ಪ್ಲಾಸ್ಟಿಕ್ ಪೆಟ್ಟಿಗೆಯ ಒಂದು ಖಾನೆ ಎಳೆದ. ಅದರ ತುಂಬ ರಿಂಗುಗಳು. ಕಪ್ಪು, ಹಸಿರು, ಸಣ್ಣವು, ದೊಡ್ಡವು.

"ಅಗ ಪೋರಿ, ಒಂದ ಫೋನ್ ಹಚ್ಚಿದ್ರ ಮುಟಗಿ ತುಂಬ ತಂದ ಕೊಡತಿದ್ನೆಲ್ಲ. ತಗೋ, ಆರಸ್ಕೋ."

ಅವಳು ಆರಿಸಿದಳು. ಅಪ್ಪ ಬಾಟಲಿಯ ಜೋಡಣೆ ಬಿಚ್ಚಿ ಹಳೆಯ ರಿಂಗು ತೆಗೆದ. ಬೆಳಕಿಗೆ ಹಿಡಿದು ನೋಡಿದ. "ಇದು ಇವತ್ತಲ್ಲ ನಾಳೆ ಸೋರತಿತ್ತು," ಎಂದ. ಹೊಸದನ್ನು ಹಾಕಿ ಬಿಗಿದ.

ಪಂಪು ಮತ್ತೆ ಡಗ್ ಡಗ್ ಎಂದಿತು. ಈ ಸಲ ರುತುಜಾಗೆ ಮೀಟರು ನೋಡುವ ಧೈರ್ಯವಾಗಲಿಲ್ಲ. ತುಳಸಿಕಟ್ಟೆಯ ಕಡೆ ಮುಖ ಮಾಡಿ ನೂರರ ತನಕ ಎಣಿಸಿದಳು.

"ನಿಂತೈತಿ," ಎಂದ ಬಾಹುಬಲಿ ಕಾಕಾ. ಸ್ವಲ್ಪ ಹೊತ್ತಾದ ಮೇಲೆ, "ನಿಂತಿಲ್ಲ," ಎಂದ.

ರುತುಜಾ ಓಡಿಬಂದು ನೋಡಿದಳು. ಮುಳ್ಳು ಮೇಲೇರುತ್ತಿತ್ತು. ಅಳು ಬಂತು. ಆದರೆ ಅಳುವಿನ ಜೊತೆಗೇ ಇನ್ನೊಂದು ಮಾತೂ ಹೊಳೆಯಿತು. ತೂತು ಅವಳ ರಿಂಗಿನದಲ್ಲ. ಬೇರೆ ಎಲ್ಲೋ ಇದೆ.

ಅಪ್ಪ ಮೀಟರನ್ನು ನೋಡುತ್ತಿರಲಿಲ್ಲ. ಬಗ್ಗಿ ಕಾರಿನ ಕೆಳಗೆ ನೋಡುತ್ತಿದ್ದ.

"ಬಾಹುಬಲಿ," ಎಂದ. "ಒಂದ ಮಾತು ಹೇಳಬೇಕು."

"ಹೇಳ."

"ಕಂಪ್ರೆಸರ್ ಕೆಳಗಿನ ಪೈಪ್ ಕೂಡಸೂ ಮುಂದ ರಿಂಗು ಜಾರಿದಂಗಾತು. ಬಿಚ್ಚಿ ನೋಡಲಿಲ್ಲ. ಹಂಗ ಬಿಗದೆ."

ಬಾಹುಬಲಿ ಕಾಕಾನ ಕೈ ಪಂಪಿನ ಮೇಲೇ ನಿಂತಿತು. "ಯಾವಾಗ?"

"ನಿನ್ನೆ ಮುಂಜಾನಿ."

"ಮತ್ತ ಮೂರ ಸಲ ಪಂಪ್ ಹೊಡಸೀದಿ ನನ್ನ ಕಡಿಂದ?"

ಅಪ್ಪ ತಲೆ ಕೆರೆದುಕೊಂಡ. "ಅದನ್ನ ಬಿಚ್ಚಬೇಕಂದ್ರ ಮತ್ತ ಕಂಪ್ರೆಸರ್ ಇಳಸಬೇಕು. ಅದಿರಲಿಕ್ಕಿಲ್ಲ, ಅದಿರಲಿಕ್ಕಿಲ್ಲ ಅಂತ ನನಗ ನಾನ ಹೇಳಕೋಂತ ಬಂದೆ."

ಬಾಗಿಲಲ್ಲಿ ಚಹಾದ ಟ್ರೇ ಹಿಡಿದು ನಿಂತಿದ್ದ ಅವ್ವ ಇಬ್ಬರನ್ನೂ ಒಮ್ಮೆ ನೋಡಿದಳು. "ಅಪ್ಪಗ ತಕ್ಕ ಮಗಳು," ಎಂದು ಟ್ರೇಯನ್ನು ಕಟ್ಟೆಯ ಮೇಲೆ ಕುಕ್ಕಿದಳು. ಆದರೆ ಅವಳ ತುಟಿ ನಗು ತಡೆಯಲು ಹೆಣಗುತ್ತಿತ್ತು.

ಮುಂದಿನ ಒಂದು ಗಂಟೆ ಅಪ್ಪ ಕಾರಿನ ಕೆಳಗೆ ಅಂಗಾತ ಮಲಗಿದ. ರುತುಜಾ ಅವನ ಪಕ್ಕದಲ್ಲಿ ಹೊಟ್ಟೆಯ ಮೇಲೆ ಮಲಗಿ ಮೊಬೈಲಿನ ಬೆಳಕು ಹಿಡಿದಳು. ಕಂಪ್ರೆಸರ್ ಭಾರವಾಗಿತ್ತು. ಅದು ಬೀಳದ ಹಾಗೆ ಬಾಹುಬಲಿ ಕಾಕಾ ಮೇಲಿನಿಂದ ಹಿಡಿದುಕೊಂಡಿದ್ದ. ಅಪ್ಪನ ಮೂಗಿನ ತುದಿಗೆ ಕರಿ ಹತ್ತಿತ್ತು.

ಪೈಪು ಬಿಚ್ಚಿಕೊಂಡಿತು. ಅಪ್ಪ ಬೆರಳು ಹಾಕಿ ರಿಂಗು ಎಳೆದ. ಅದು ಎರಡು ತುಂಡಾಗಿ ಬಂತು.

ಅಪ್ಪ ಆ ತುಂಡುಗಳನ್ನು ಅಂಗೈಯಲ್ಲಿಟ್ಟು ಅವಳಿಗೆ ತೋರಿಸಿದ. ಇಬ್ಬರೂ ಬಹಳ ಹತ್ತಿರ ಇದ್ದರು. ಮೇಲೆ ಕಾರು, ಕೆಳಗೆ ನೆಲ.

"ನೀ ನಿನ್ನೆ ಒಂದ ರೊಟ್ಟಿ ತಿಂದಿ," ಎಂದಳು ರುತುಜಾ ಮೆಲ್ಲಗೆ. "ಇದಕ್ಕ?"

"ಹೂಂ. ನೀನೂ?"

"ಹೂಂ."

ಅಪ್ಪನ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ನಗು ಹೊರಗೆ ಬಂತು. ಅವಳಿಗೂ ತಡೆಯಲಾಗಲಿಲ್ಲ. ಮೊಬೈಲಿನ ಬೆಳಕು ಅತ್ತಿತ್ತ ಕುಣಿಯಿತು.

"ಅರೇ, ಭಾರ ನಾ ಹಿಡದೇನಿ, ನಗೂದ ನೀವೇನು?" ಎಂದ ಬಾಹುಬಲಿ ಕಾಕಾ ಮೇಲಿನಿಂದ.

ಹೊಸ ರಿಂಗನ್ನು ರುತುಜಾಳೇ ಎಣ್ಣೆಯಲ್ಲಿ ಅದ್ದಿ ಕೊಟ್ಟಳು. ಅಪ್ಪ ಅದನ್ನು ಕೂರಿಸಿ, "ನೀನೂ ನೋಡು, ಸರಿ ಕೂತೈತೇನು," ಎಂದ. ಅವಳು ಒಂದು ಕಣ್ಣು ಮುಚ್ಚಿ ನೋಡಿದಳು. ಸುತ್ತಲೂ ಒಂದೇ ಸಮ ಇತ್ತು. "ಕೂತೈತಿ," ಎಂದಳು. ಆಮೇಲೆ ಅಪ್ಪ ಬಿಗಿದ.

ಈ ಸಲ ಮುಳ್ಳು ಇಳಿದಲ್ಲಿಯೇ ನಿಂತಿತು. ಅವರು ಆರಿದ ಚಹಾ ಕುಡಿದರು, ಮುಳ್ಳು ಅಲ್ಲೇ ಇತ್ತು. ಅಪ್ಪ ಬಂಪರು ತಂದು ಕೂರಿಸಿದ, ಅದು ಅಲ್ಲೇ ಇತ್ತು. ಅರ್ಧ ಗಂಟೆ ಕಳೆದ ಮೇಲೆ ಬಾಹುಬಲಿ ಕಾಕಾ ಗ್ಯಾಸ್ ತುಂಬಿದ. ಅಪ್ಪ ಕಾರು ಚಾಲೂ ಮಾಡಿ ಬಟನ್ ಒತ್ತಿದ.

ಮೊದಲು ಬಂದದ್ದು ಬಿಸಿ ಗಾಳಿ. ಆಮೇಲೆ ಬೆಚ್ಚನೆಯದು. ಆಮೇಲೆ, ಮಣ್ಣಿನ ಬಿಂದಿಗೆಯ ಹೊಟ್ಟೆ ಮುಟ್ಟಿದಂಥ ತಂಪು.

ಅಪ್ಪ ಅಜ್ಜಿಯನ್ನು ಕೈ ಹಿಡಿದು ಕರೆತಂದು ಸೀಟಿನಲ್ಲಿ ಕೂರಿಸಿದ. ಅಜ್ಜಿ ಗಾಳಿಯ ಜಾಳಿಗೆಯ ಮುಂದೆ ಅಂಗೈ ಒಡ್ಡಿದಳು. ಕೈ ತಿರುಗಿಸಿ ಹಿಂಗೈ ಒಡ್ಡಿದಳು. ಇಳಿದು ಸೀದಾ ಟ್ರಂಕಿನ ಹತ್ತಿರ ಹೋದಳು. ಈ ಸಲ ಮುಚ್ಚಳ ದಡ್ಡನೆ ಸದ್ದು ಮಾಡಿತು.

ಭಾನುವಾರ ಬೆಳಗ್ಗೆ ಅವರು ಕಾಗಲ ದಾಟಿ ಮುರಗೂಡದ ದಾರಿ ಹಿಡಿದರು. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಟಿಪ್ಪರುಗಳು ಕೆಂಪು ಧೂಳನ್ನು ಮೋಡದ ಹಾಗೆ ಎಬ್ಬಿಸುತ್ತಿದ್ದವು. ಧೂಳು ಕಿಟಕಿಯ ಗಾಜಿಗೆ ಬಂದು ತಟ್ಟಿ, ಒಳಗೆ ಬರಲಾಗದೆ ಹಿಂದೆ ಉಳಿಯುತ್ತಿತ್ತು. ಅಜ್ಜಿ ಗಾಜಿಗೆ ಹಣೆ ಹಚ್ಚಿ ಹೊರಗೆ ನೋಡುತ್ತಿದ್ದಳು. ಕಬ್ಬಿನ ಹೊಲ, ಕುರಿ ಹಿಂಡು, ಹೊಸ ಪೆಟ್ರೋಲ್ ಪಂಪು, ಎಲ್ಲವನ್ನೂ ಓದುವವಳ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದಳು.

"ಇಲ್ಲೊಂದು ಆಲದ ಗಿಡ ಇತ್ತಲ್ಲೋ ಸಿದ್ರಾಮ?"

"ರೋಡಿಗೆ ಕಡದ್ರು ಎವ್ವಾ."

"ಕೆಟ್ಟ ಮಾಡಿದ್ರು," ಎಂದಳು. ಆಮೇಲೆ ಮುಂದಿನದನ್ನು ಓದತೊಡಗಿದಳು. ಗಡಹಿಂಗ್ಲಜ ಮುಟ್ಟುವ ತನಕ ಕೆಮ್ಮಿದ್ದು ಎರಡೇ ಸಲ.

ಮಲಕವ್ವನ ಮನೆಯಲ್ಲಿ ತೊಟ್ಟಿಲು ಹೂವಿನಲ್ಲಿ ಮುಳುಗಿತ್ತು. ಅಕ್ಕ ತಂಗಿಯರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ತೊಟ್ಟಿಲ ಹತ್ತಿರ ಹೋದರು. ಆಮೇಲೆ ಅಜ್ಜಿ ತೊಟ್ಟಿಲ ಹಗ್ಗ ಹಿಡಿದು ಹಾಡಿದಳು. ಎರಡು ಸಾಲು ಹಾಡಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಅವಳು ನಿಂತಲ್ಲಿ ಮಲಕವ್ವ ಹಾಡು ಎತ್ತಿಕೊಳ್ಳುತ್ತಿದ್ದಳು. ಕೂಸು ಕಣ್ಣು ಬಿಟ್ಟು ಕೇಳುತ್ತಿತ್ತು. ಅದಕ್ಕೆ ಮನಾಲಿ ಎಂದು ಹೆಸರಿಟ್ಟರು.

ಊಟದ ಪಂಕ್ತಿಯಲ್ಲಿ ಯಾರೋ ಕೇಳಿದರು, ಎ.ಸಿ. ಯಾವ ಗ್ಯಾರೇಜಿನಲ್ಲಿ ಮಾಡಿಸಿದಿರಿ ಎಂದು.

"ನಾವ ಮಾಡೇವ್ರಿ, ನಾನೂ ನನ್ನ ಮಗಳೂ," ಎಂದ ಅಪ್ಪ. "ಕೆಡಿಸಿದ್ದೂ ನಾವಿಬ್ರ, ಮಾಡಿದ್ದೂ ನಾವಿಬ್ರ." ರುತುಜಾ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಳು.

ಇಳಿಹೊತ್ತಿಗೆ ವಾಪಸು ಹೊರಟರು. ಹಿಂದಿನ ಸೀಟಿನಲ್ಲಿ ಅಜ್ಜಿ ಅವ್ವನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ಮುಂದೆ ಅಪ್ಪನ ಪಕ್ಕ ರುತುಜಾ. ಕಾಗಲ ಇನ್ನು ನಾಲ್ಕು ಕಿಲೋಮೀಟರು ಇರುವಾಗ ಅವಳಿಗೆ ಒಂದು ಸಪ್ಪಳ ಕೇಳಿಸಿತು. ಟಿಕ್. ಟಿಕ್ ಟಿಕ್. ಬಲಗಡೆ, ಮುಂದೆ.

"ಅಪ್ಪಾ, ಏನೋ ಸಪ್ಪಳ ಬರಾಕತ್ತೈತಿ."

ಅಪ್ಪ ಕಾರು ಬದಿಗೆ ನಿಲ್ಲಿಸಿದ. ಇಬ್ಬರೂ ಇಳಿದು ಬಾನೆಟ್ಟು ಎತ್ತಿದರು. ರುತುಜಾಳ ಕಣ್ಣಿಗೇ ಮೊದಲು ಬಿತ್ತು. ಪೈಪು ಹಿಡಿಯುವ ಒಂದು ಕ್ಲಿಪ್ಪಿನ ಬೋಲ್ಟು ಸಡಿಲಾಗಿ, ಪೈಪು ಅಲುಗಾಡಿ ತಗಡಿಗೆ ತಟ್ಟುತ್ತಿತ್ತು. ದೊಡ್ಡದೇನಲ್ಲ. ಅಪ್ಪ ಪಾನಾ ತೆಗೆದು ಎರಡು ಸುತ್ತು ಬಿಗಿದ.

"ನಿನಗ ಯಾವಾಗ ಕೇಳಿಸ್ತು?" ಎಂದ.

"ಈಗಷ್ಟ. ನಿನಗ?"

ಅಪ್ಪ ಪಾನಾವನ್ನು ಅರಿವೆಯಲ್ಲಿ ಸುತ್ತಿದ. ಬಿಚ್ಚಿದ. ಮತ್ತೆ ಸುತ್ತಿದ.

"ಮುರಗೂಡದಿಂದ," ಎಂದ.

ರುತುಜಾ ಅವನ ಮುಖ ನೋಡಿದಳು. ಮುರಗೂಡದಿಂದ ಇಲ್ಲಿಯವರೆಗೆ ಅರ್ಧ ಗಂಟೆಯ ದಾರಿ. ಅಷ್ಟು ದೂರವೂ ಅಪ್ಪ ಆ ಟಿಕ್ ಟಿಕ್ ಕೇಳುತ್ತ, ಒಬ್ಬನೇ, ಏನೂ ಆಗಿಲ್ಲದವರ ಹಾಗೆ ಸ್ಟೀರಿಂಗ್ ಹಿಡಿದು ಬಂದಿದ್ದ. ಹಿಂದೆ ಅಜ್ಜಿ ಮಲಗಿದ್ದಳು. ರುತುಜಾಗೆ ನಗುವೂ ಬಂತು, ಅಪ್ಪನ ಮೇಲೆ ಏನೋ ಒಂದು ಥರದ ಅಕ್ಕರೆಯೂ ಬಂತು. ಅಪ್ಪ ಇಷ್ಟು ದೊಡ್ಡವನು, ಅರವತ್ತು ಮಗ್ಗ ರಿಪೇರಿ ಮಾಡುವವನು; ಅವನಿಗೂ ತನ್ನ ಹಾಗೇ ಹೇಳಲು ಅಂಜಿಕೆ.

ಅವಳು ಬಯ್ಯಲಿಲ್ಲ. ಅವನ ಕೈಯಿಂದ ಪಾನಾ ತೆಗೆದುಕೊಂಡು ಡಿಕ್ಕಿಯಲ್ಲಿ ಇಟ್ಟು ಬಂದಳು. ತನ್ನ ಸೀಟಿನಲ್ಲಿ ಕೂತು, ಬಾಗಿಲು ಎಳೆದುಕೊಂಡಳು.

"ಚಾಲೂ ಮಾಡು," ಎಂದಳು. "ಇಬ್ರೂ ಕೇಳೋಣು."